ಏಳುನೂರು ಚದರ ಮೀಟರು

ಟೇಪು ಹಿಡಿದು ನಾನು ದಿಣ್ಣೆ ಹತ್ತುವಾಗ
ಕಲ್ಲಿದ್ದಲ ಹೊಗೆ ಉಲಾನ್‌ಬಾತರಿನ ಮೇಲೆ
ಹಾಸಿ ಮಲಗಿತ್ತು, ಹೊತ್ತು ಹತ್ತಾದರೂ ಏಳದೆ.
ಮುದುಕ ಗುಂಡು ಡೇರೆಯ ಮುಂದೆ ನಿಂತಿದ್ದ.
ಕುದುರೆ ಕೊಳ್ಳಲು ಬಂದವನ ಕೈ ನೋಡುವಂತೆ
ನನ್ನ ಟೇಪು ನೋಡಿದ.

"ಎಷ್ಟು?"
"ಏಳುನೂರು ಚದರ ಮೀಟರು. ಪುಕ್ಕಟೆ.
ಆದರೆ ಮೊದಲು ಬೇಲಿ."
"ಒಂದು ಕುರಿಯೂ ಉಳಿದಿಲ್ಲ, ಯಾರಿಗೆ ಬೇಲಿ?"
"ಕುರಿಗಲ್ಲ ಅಜ್ಜಾ, ಕಾಗದಕ್ಕೆ.
ಬೇಲಿಯಿದ್ದರೆ ವಿಳಾಸ, ವಿಳಾಸವಿದ್ದರೆ ಕರೆಂಟು,
ಮೊಮ್ಮಗಳಿಗೆ ಶಾಲೆ, ನಿಮ್ಮ ಕೆಮ್ಮಿಗೆ ದವಾಖಾನೆ."
ದಿನಕ್ಕೆ ಹತ್ತು ಸಲ ಹೇಳಿ ಹೇಳಿ
ಈ ಮಾತಿಗೆ ನನ್ನ ನಾಲಿಗೆ ಜಡ್ಡುಗಟ್ಟಿದೆ.

ನಾಲ್ಕು ಗೂಟ ಹೊಡೆದೆ. ದಾರ ಎಳೆದೆ.
ಅವನು ದಾರದ ಗುಂಟ ಒಂದು ಸುತ್ತು ನಡೆದು ಬಂದು
"ಗುಂಡಗಿರುವುದನ್ನು ಚೌಕದಲ್ಲಿಟ್ಟರೆ
ಮೂಲೆ ನಾಲ್ಕು ಮಿಗುತ್ತವಲ್ಲ, ಏನು ಮಾಡಲಿ?" ಎಂದ.
ಒಂದಕ್ಕೆ ಪಾಯಿಖಾನೆ ಗುಂಡಿ, ಒಂದಕ್ಕೆ ಕಲ್ಲಿದ್ದಲು,
ಒಂದಕ್ಕೆ ನಾಯಿ.
ನಾಲ್ಕನೆಯದು ನನಗೂ ಹೊಳೆಯಲಿಲ್ಲ.

ಚಹಾಕ್ಕೆ ಕರೆದರು.
ನಗರದವಳು ನಾನು, ಹನ್ನೊಂದನೆಯ ಮಹಡಿಯವಳು,
ಬಯಲ ಬದುಕೆಂದರೆ ಲಂಗುಲಗಾಮಿಲ್ಲದ್ದು ಎಂದು
ಕ್ಯಾಲೆಂಡರಿನ ಚಿತ್ರ ನೋಡಿ ನಂಬಿದವಳು.
"ಅಲ್ಲಿ ನಿಮಗೆ ಯಾವ ಅಂಕೆಯೂ ಇರಲಿಲ್ಲ, ಅಲ್ಲವೆ?"
ಎನ್ನುತ್ತ ಒಳಗೆ ಕಾಲಿಟ್ಟೆ.
"ಹೊಸ್ತಿಲು!" ಎಂದು ಗದರಿದ.
ತುಳಿಯಬಾರದು.
ಎಡದಿಂದ ಸುತ್ತಿ ಬರಬೇಕು. ಕಂಬಕ್ಕೆ ಒರಗಬಾರದು,
ಎರಡು ಕಂಬದ ನಡುವೆ ಹಾಯಬಾರದು.
ಒಲೆಯ ಕಡೆ ಕಾಲು ಚಾಚಬಾರದು, ಬೆಂಕಿಗೆ ಕಸ ಹಾಕಬಾರದು,
ಬಟ್ಟಲನ್ನು ಬಲಗೈಯಲ್ಲೇ, ತೋಳು ಇಳಿಬಿಟ್ಟು ತೆಗೆದುಕೊಳ್ಳಬೇಕು.
ಉಪ್ಪು ಚಹಾ ಗಂಟಲಿಳಿಯುವಷ್ಟರಲ್ಲಿ
ಏಳೋ ಎಂಟೋ ತಪ್ಪು ಮಾಡಿದ್ದೆ.
ನಮ್ಮ ಇಡೀ ಕಚೇರಿಯ ಕಡತದಲ್ಲಿ
ಇಷ್ಟೊಂದು "ಬಾರದು" ಇಲ್ಲ.

"ಅಂಕೆ ಇತ್ತು ತಾಯಿ," ಎಂದ ನಗುತ್ತ,
"ಗೂಟ ಇರಲಿಲ್ಲ.
ಡೇರೆ ಕಿತ್ತ ದಿನ ಅದನ್ನೂ ಮಡಚಿ
ಒಂಟೆಯ ಮೇಲೆ ಹೇರುತ್ತಿದ್ದೆವು."

ಅರ್ಜಿ ಸೊಸೆಯ ಹೆಸರಲ್ಲಿ. ಯಂಜಿನ್‌ಲ್ಖಾಮ್,
ಮೂವತ್ತೊಂಬತ್ತು, ವಿಧವೆ.
"ಮನೆಯ ಹಿರಿಯರ ಹೆಸರು?"
ಅವಳು ಕೈಯಲ್ಲಿದ್ದ ಸೌಟು ನೋಡಿದಳು.
ಮಾವನ ಹೆಸರು ಸೊಸೆಯ ಬಾಯಲ್ಲಿ ಬರಬಾರದು.
ಹದಿನೆಂಟು ವರ್ಷ, ಆ ಹೆಸರಿನ ಸದ್ದಿರುವ ಮಾತನ್ನೂ
ಸುತ್ತಿ ಬಳಸಿ ದಾಟಿದವಳು,
ಕೊರಕಲು ಕಂಡ ಕುದುರೆಯ ಹಾಗೆ.
"ನೀವೇ ಹೇಳಬೇಕು," ಎಂದೆ. "ಅರ್ಜಿದಾರರೇ. ನಿಯಮ."

ಒಲೆಯಲ್ಲಿ ಕಲ್ಲಿದ್ದಲು ಸಿಡಿಯಿತು.
ಮುದುಕ ತಟ್ಟನೆ ಎದ್ದು, ಏನೋ ನೆನಪಾದವನಂತೆ
ಹೊರಗೆ ಹೋದ, ನಾಯಿಯನ್ನು ಬೈಯತೊಡಗಿದ,
ಸುಮ್ಮನೆ ಮಲಗಿದ್ದ ನಾಯಿಯನ್ನು, ಗಟ್ಟಿಯಾಗಿ.
"ಗೊಂಬೊಜಾವ್," ಎಂದಳು.
ಮತ್ತೆ, ನಾನು ಕೇಳದಿದ್ದರೂ, "ಗೊಂಬೊಜಾವ್."
ಕಿವಿ ಕೆಂಪಾಗಿತ್ತು.
ನಾಚಿಕೆಗೋ, ಬಿಡುಗಡೆಗೋ,
ಅದಕ್ಕೆ ನಮೂನೆಯಲ್ಲಿ ಕಾಲಮ್ಮು ಇರಲಿಲ್ಲ.

ಡಿಸೆಂಬರಿನಲ್ಲಿ ತಪಾಸಣೆಗೆ ಹೋದೆ.
ಹಲಗೆ ಸಾಲದೆ, ಕೆಡವಿದ ಕಟ್ಟಡದ ಹಳೆಯ ಬಾಗಿಲುಗಳನ್ನೇ
ಸಾಲಾಗಿ ಮೊಳೆ ಹೊಡೆದು ಬೇಲಿ ಮಾಡಿದ್ದರು.
ಹಿಡಿಕೆಗಳು ಹಾಗೇ ಇದ್ದವು. ಒಂದನ್ನು ತಿರುಗಿಸಿ ನೋಡಿದೆ.
ನಾಲ್ಕನೆಯ ಮೂಲೆಯಲ್ಲಿ ಹೆಜ್ಜೆಯಿಲ್ಲದ ಹಿಮ.
"ಅದು ಕುದುರೆಗಂತೆ," ಎಂದಳು ಯಂಜಿನ್‌ಲ್ಖಾಮ್.
"ಕುದುರೆ ಎಲ್ಲಿದೆ?"
"ಅವರನ್ನೇ ಕೇಳಿ. ನೀರು ತರಲು ಹೋಗಿದ್ದಾರೆ."
ಅವರು, ಎಂದಳು. ಹೆಸರು ಹೇಳಲಿಲ್ಲ.
ಈಗ ಅದು ಯಾರ ಅಂಕೆಯೋ.

ಬೇಲಿ ಸರಿಯಿದೆ ಎಂದು ಬರೆದು ಸಹಿ ಹಾಕಿದೆ.
ಆ ಸಂಜೆ ನಮ್ಮ ಲಿಫ್ಟಿನ ಬಾಗಿಲಲ್ಲಿ
ಯಾಕೋ ಕಾಲೆತ್ತಿ ದಾಟಿದೆ.